ಲಾ ಕೂರ್ನವ್‌ನಲ್ಲಿ ಹತ್ತು ದಿನ, ಒಂದು ಸೇವಂತಿಗೆ ಕುಂಡ

ಶನಿವಾರ

ಏರ್‌ಪೋರ್ಟಿನ ಬಾಗಿಲು ದಾಟಿದ ಕೂಡಲೇ ತಣ್ಣನೆಯ ಸೋನೆ ಮುಖಕ್ಕೆ ಬಿತ್ತು. ನನ್ನ ಶಾಲು ದೊಡ್ಡ ಪೆಟ್ಟಿಗೆಯ ತಳದಲ್ಲಿತ್ತು. ಅಕ್ಟೋಬರ್ ಕೊನೆಯಲ್ಲಿ ಪ್ಯಾರಿಸ್ ಕಡೆ ಬರುವವರು ಶಾಲನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಅಕ್ಕನ ಮಗಳು ತನ್ನ ಕೋಟು ಬಿಚ್ಚಿ ನನಗೆ ಹೊದಿಸಿ, ‘ಖಾಲಾ, ಇಲ್ಲಿ ಚಳಿ ಹೇಳಿಕೇಳಿ ಬರಲ್ಲ’ ಅಂದಳು.

ಅವಳ ಮನೆ ಇರುವುದು ಲಾ ಕೂರ್ನವ್‌ನಲ್ಲಿ. ಪ್ಯಾರಿಸ್‌ನ ಉತ್ತರಕ್ಕೆ ಅಂಟಿಕೊಂಡ ಊರು. ಕ್ಯಾಲೆಂಡರಿನಲ್ಲಿ ಕಾಣುವ ಪ್ಯಾರಿಸ್ ಇದಲ್ಲ. ಉದ್ದುದ್ದ ವಸತಿ ಕಟ್ಟಡಗಳು, ಕೆಳಗೆ ಟ್ರಾಮು, ಬೀದಿಯ ಒಂದು ಬದಿಗೆ ಅಲ್ಜೀರಿಯಾದವರ ಬೇಕರಿ, ಇನ್ನೊಂದು ಬದಿಗೆ ತಮಿಳರ ದಿನಸಿ ಅಂಗಡಿ. ಆರನೇ ಮಹಡಿಯಲ್ಲಿ ಬಾಗಿಲು ತೆರೆದವರು ನಮ್ಮ ಬೀಗರು, ಅಂದರೆ ಅವಳ ಮಾವ. ಎಂಬತ್ತು ವರ್ಷ. ಬೆನ್ನು ಇನ್ನೂ ನೆಟ್ಟಗಿದೆ. ‘ವಾಂಗೋ ಟೀಚರಮ್ಮ’ ಎಂದು ತಮಿಳಿನಲ್ಲಿ ಕರೆದರು. ಮೂವತ್ತು ವರ್ಷಕ್ಕೂ ಜಾಸ್ತಿ ಮಂಡ್ಯ ಜಿಲ್ಲೆಯಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಆ ಒಂದು ಮಾತಿಗೆ ದಾರಿಯ ಆಯಾಸ ಇಳಿಯಿತು.

ಬೀಗರದು ಕಾರೈಕಾಲ್‌ನ ಮುಸ್ಲಿಂ ಕುಟುಂಬ. ಪುದುಚೇರಿಯ ಹಾಗೆ ಕಾರೈಕಾಲ್ ಕೂಡ ಫ್ರೆಂಚರ ಕೈಯಲ್ಲಿದ್ದ ಊರು. 1954ರ ನವೆಂಬರ್ 1ರಂದು ಆಡಳಿತ ಭಾರತದ ಕೈಗೆ ಬಂತು. 1962ರ ಆಗಸ್ಟ್ 16ರಂದು ಕಾನೂನಿನ ಪ್ರಕಾರವೂ ಭಾರತದ್ದಾಯಿತು. ಆಗ ಅಲ್ಲಿನ ಜನಕ್ಕೆ ಆರು ತಿಂಗಳು ಸಮಯ ಕೊಟ್ಟರು. ಫ್ರೆಂಚ್ ಪ್ರಜೆಯಾಗಿಯೇ ಉಳಿಯಬೇಕು ಅನ್ನುವವರು ಬರೆದುಕೊಡಬೇಕಿತ್ತು. ಬೀಗರಿಗೆ ಆಗ 18. ಸಹಿ ಹಾಕಿದರು, ಫ್ರೆಂಚ್ ಸೈನ್ಯ ಸೇರಿದರು, ಪಿಂಚಣಿ ಬಂದ ಮೇಲೆ ಇಲ್ಲೇ ಒಂದು ಗೋದಾಮಿನಲ್ಲಿ ಕಾವಲು ಕೆಲಸ ಮಾಡಿದರು. ಮಗ ಹುಟ್ಟಿದ್ದು ಇಲ್ಲೇ. ಮೊಮ್ಮಗಳಿಗೆ ಈಗ ಹದಿನಾಲ್ಕು.

ರಾತ್ರಿ ಊಟಕ್ಕೆ ಇಡಿಯಾಪ್ಪಂ, ಮಟನ್ ಸಾರು. ನಾನು ತಂದಿದ್ದ ಮೈಸೂರ್ ಪಾಕ್ ಡಬ್ಬಿಯನ್ನು ಹುಡುಗಿ ತನ್ನ ರೂಮಿಗೆ ಎತ್ತಿಕೊಂಡು ಹೋದಳು.

ಭಾನುವಾರ

ಫಜರ್ ನಮಾಜಿಗೆ ಎದ್ದು ಅಡುಗೆಮನೆಗೆ ಬಂದರೆ ಬೀಗರೂ ಅಲ್ಲೇ ಕೂತಿದ್ದರು. ಇಬ್ಬರ ಕೈಗಡಿಯಾರದಲ್ಲೂ ಆರೂವರೆ, ಗೋಡೆಯಲ್ಲಿದ್ದ ಗಡಿಯಾರದಲ್ಲೂ ಅಷ್ಟೇ. ಫೋನಿನಲ್ಲಿ ಮಾತ್ರ ಐದೂವರೆ. ಆ ದಿನ ಬೆಳಗಿನ ಜಾವ ಯುರೋಪಿನ ಬಹುತೇಕ ದೇಶಗಳಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿತ್ತು. ಅಕ್ಟೋಬರ್ ಕೊನೆಯ ಭಾನುವಾರ ಬಸ್ಸು, ರೈಲು ಹಿಡಿಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ನಮಗೆ ಸುಮ್ನೆ ಒಂದು ಗಂಟೆ ಸಿಕ್ಕಿತು. ಬೀಗರು ಟೀ ಮಾಡಿದರು.

ಆ ಗಂಟೆಯಲ್ಲೇ ಅವರು ಕೇಳಿದ್ದು, ‘ಟೀಚರಮ್ಮ, ನಿಮ್ಮ ಮಣ್ಣು ಎಲ್ಲಿ?’

ನಮ್ಮ ಕಡೆಯೂ ಮಣ್ಣು ಅಂದರೆ ಇದೇ ಅರ್ಥ. ಯಾರಾದರೂ ತೀರಿಕೊಂಡರೆ ‘ಮಣ್ಣಿಗೆ ಹೋಗಿದ್ದೆ’ ಅಂತೀವಿ. ನನಗೆ ಇದು ಯಾವತ್ತೂ ಪ್ರಶ್ನೆಯೇ ಆಗಿರಲಿಲ್ಲ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅಪ್ಪ, ಅಮ್ಮ, ನನ್ನ ಯಜಮಾನರು ಎಲ್ಲ ಒಂದೇ ಖಬರಸ್ಥಾನದಲ್ಲಿ ಇದ್ದಾರೆ. ‘ಅಲ್ಲೇ’ ಅಂದೆ. ಬೀಗರು ತಲೆಯಾಡಿಸಿದರು. ಅವರ ಹೆಂಡತಿಗೆ ಕಾರೈಕಾಲ್‌ನ ಮಸ್ತಾನ್ ಸಾಹೇಬರ ದರ್ಗಾ ಇರುವ ಊರಲ್ಲೇ ಮಣ್ಣಾಗಬೇಕೆಂಬ ಆಸೆ ಇತ್ತಂತೆ. 2020ರ ಏಪ್ರಿಲ್‌ನಲ್ಲಿ ಕೊರೊನಾ ಬಂದು ತೀರಿಕೊಂಡರು. ವಿಮಾನಗಳು ನಿಂತಿದ್ದವು. ಪಕ್ಕದ ಬೊಬಿನ್ಯಿಯಲ್ಲಿ ಮಣ್ಣು ಮಾಡಿದರು. ‘ಈಗ ನಾನು ಕಾರೈಕಾಲ್‌ಗೆ ಹೋದರೆ ಅವಳು ಇಲ್ಲಿ ಒಂಟಿ. ಇಲ್ಲೇ ಉಳಿದರೆ ಅಲ್ಲಿ ಅಪ್ಪ ಅಮ್ಮ’ ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಬೆಳಕಾದ ಮೇಲೆ ಟ್ರಾಮ್ ಹತ್ತಿ ಸಾಂ-ದೆನಿ ಸಂತೆಗೆ ಹೋದೆವು. ಮಂಗಳವಾರ, ಶುಕ್ರವಾರ, ಭಾನುವಾರ ಸಂತೆ. ಭಾನುವಾರ ಜನ ಜಾಸ್ತಿ, ಬೇಗ ಹೋದರೆ ಒಳ್ಳೆಯದು. ಪುದೀನ ಕಂತೆಗಳನ್ನು ಮಕ್ಕಳ ಹಾಗೆ ಎದೆಗೆ ಅವುಚಿಕೊಂಡು ಮಾರುವ ಮೊರಾಕ್ಕೊದ ಹೆಂಗಸರು, ಮೀನಿನ ಮುಂದೆ ಜಗಳವಾಡುವ ಮಾಲಿ ದೇಶದ ಅಜ್ಜಿಯರು. ಒಂದು ಕಡೆ ಹಣ್ಣಾದ ಅಂಜೂರ ಕಂಡೆ. ಗಂಜಾಂ ಅಂಜೂರಕ್ಕೆ ಒಂದು ಕಾಲದಲ್ಲಿ ಎಂಥ ಹೆಸರಿತ್ತು! ಅರ್ಧ ಕಿಲೋ ಕೊಂಡು ಅಲ್ಲೇ ತಿಂದೆ. ನಮ್ಮದೇ ಸಿಹಿ ಅನ್ನಿಸಿತು. ಊರ ಪ್ರೀತಿ ಇರಬಹುದು.

ಸಂತೆಯ ಹತ್ತಿರವೇ ದೊಡ್ಡ ಚರ್ಚು. ಫ್ರಾನ್ಸಿನ ರಾಜರನ್ನು ಹೂಳುತ್ತಿದ್ದ ಜಾಗ. ಒಳಗೆ ಶಾರ್ಲ್ ಮಾರ್ತೆಲ್ ಹೆಸರಿನ ಗೋರಿಯೂ ಇದೆ. 732ರಲ್ಲಿ ಪ್ವಾತಿಯೇ ಹತ್ತಿರ ಅರಬ್ ಸೈನ್ಯವನ್ನು ತಡೆದವನು. ಮುಸ್ಲಿಮರು ಈ ದೇಶದವರಲ್ಲ ಎಂದು ವಾದ ಮಾಡುವವರು ಇವತ್ತಿಗೂ ಅವನ ಹೆಸರನ್ನೇ ಎತ್ತುತ್ತಾರೆ. 1793ರಲ್ಲಿ, ಕ್ರಾಂತಿಯ ಸಮಯದಲ್ಲಿ, ಇಲ್ಲಿನ ರಾಜರ ಗೋರಿಗಳನ್ನೆಲ್ಲ ಒಡೆದು ಮೂಳೆಗಳನ್ನು ಗುಂಡಿಗೆ ಸುರಿದರಂತೆ. ಆ ತಣ್ಣನೆ ಕಲ್ಲುಗಳ ನಡುವೆ ನಿಂತಾಗ ಬೀಗರ ಪ್ರಶ್ನೆ ಮತ್ತೆ ಕಿವಿಯಲ್ಲಿ ಕೂಗಿತು.

ಹೊರಗೆ ಹೂವಿನ ಅಂಗಡಿಗಳ ತುಂಬ ಸೇವಂತಿಗೆ. ಹಳದಿ, ನೇರಳೆ, ಬಿಳಿ. ದಸರಾ ಆಗಿ ಎರಡೇ ವಾರ ಆಗಿತ್ತು, ನನ್ನ ಕೈ ತಾನಾಗಿ ಚಾಚಿತು. ಒಂದು ಹಳದಿ ಕುಂಡ ಕೊಂಡೆ. ಪಕ್ಕದ ಮನೆಯ ಫ್ರೆಂಚ್ ಅಜ್ಜಿ ನಾನು ಬಂದೆನೆಂದು ಸೇಬಿನ ಸಿಹಿ ಕಳಿಸಿದ್ದರು. ಅವರಿಗೆ ಕೊಡೋಣ ಅಂತ ಹುಡುಗಿಯನ್ನೂ ಕರೆದುಕೊಂಡು ಹೋಗಿ ಬಾಗಿಲು ತಟ್ಟಿದೆ. ಅವರು ಕುಂಡ ನೋಡಿ ಒಂದು ಕ್ಷಣ ಸ್ತಬ್ಧರಾದರು. ಆಮೇಲೆ ನನ್ನ ಕೈ ಹಿಡಿದುಕೊಂಡು ಏನೋ ಹೇಳಿದರು. ಹುಡುಗಿ ನಿಧಾನವಾಗಿ ತಿಳಿಸಿದಳು: ‘ನಾನಿ, ಈ ದೇಶದಲ್ಲಿ ಸೇವಂತಿಗೆ ಸತ್ತವರಿಗೆ ಮಾತ್ರ.’ ನವೆಂಬರ್ 1 ಇಲ್ಲಿ ಸಂತರ ಹಬ್ಬ. ಆ ದಿನ ಎಲ್ಲರೂ ಸೇವಂತಿಗೆ ಕುಂಡ ಹಿಡಿದು ಸ್ಮಶಾನಕ್ಕೆ ಹೋಗುತ್ತಾರೆ. ಮೊದಲ ಮಹಾಯುದ್ಧದ ನಂತರ ಈ ರೂಢಿ ದೇಶದ ತುಂಬ ಹರಡಿತಂತೆ.

ನನಗೆ ತುಂಬ ನೋವಾಯಿತು. ಅಜ್ಜಿ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. ‘ನಿಮಗೆ ಯಾರಿದ್ದಾರೆ, ಇದನ್ನು ಕೊಡಲು?’ ಎಂದು ಕೇಳಿದರು. ಹುಡುಗಿ ‘ದಾದಿ ಇದ್ದಾರೆ’ ಅಂದಳು. ದಾದಿ ಅಂದರೆ ಅವಳ ಅಪ್ಪನ ಅಮ್ಮ, ಬೀಗರ ತೀರಿಕೊಂಡ ಹೆಂಡತಿ. ಕುಂಡ ನಮ್ಮ ಬಾಲ್ಕನಿಗೆ ವಾಪಸ್ ಬಂತು.

ಸೋಮವಾರ

ವಾರದ ಪಾಸು ಇಲ್ಲಿ ಸೋಮವಾರದಿಂದ ಭಾನುವಾರದವರೆಗೆ ನಡೆಯುತ್ತದೆ. ಹಾಗಾಗಿ ಸೋಮವಾರ ಬೆಳಿಗ್ಗೆಯೇ ತೆಗೆದುಕೊಂಡೆ. ಲಾ ಕೂರ್ನವ್‌ನಿಂದ ಏಳನೇ ನಂಬರ್ ಮೆಟ್ರೊ ಹತ್ತಿದರೆ ಎಲ್ಲೂ ಬದಲಿಸದೆ ಪ್ಲಾಸ್ ಮೋಂಜ್‌ನಲ್ಲಿ ಇಳಿಯಬಹುದು. ಅಲ್ಲಿಂದ ನಡೆದರೆ ಪ್ಯಾರಿಸ್‌ನ ದೊಡ್ಡ ಮಸೀದಿ. ಶುಕ್ರವಾರ ನೋಡಲು ಬರುವವರಿಗೆ ಪ್ರವೇಶ ಇಲ್ಲ, ಬೇರೆ ದಿನ ಹೋಗಿ.

ಬಿಳಿ ಗೋಡೆ, ಹಸಿರು ಹೆಂಚು, 33 ಮೀಟರ್ ಎತ್ತರದ ಚೌಕ ಮಿನಾರು. ನಡುವೆ ತೋಟ, ನೀರು. 1926ರ ಜುಲೈ 15ರಂದು ಫ್ರಾನ್ಸಿನ ರಾಷ್ಟ್ರಪತಿ ಮತ್ತು ಮೊರಾಕ್ಕೊದ ಸುಲ್ತಾನ ಸೇರಿ ಇದನ್ನು ಉದ್ಘಾಟಿಸಿದರು. ಸರ್ಕಾರ ಯಾವ ಧರ್ಮಕ್ಕೂ ದುಡ್ಡು ಕೊಡಬಾರದು ಅಂತ 1905ರಲ್ಲೇ ಕಾನೂನು ಆಗಿತ್ತು. ಆದರೂ 1920ರಲ್ಲಿ ಸಂಸತ್ತು ಈ ಕೆಲಸಕ್ಕೆ 500,000 ಫ್ರಾಂಕ್ ಕೊಟ್ಟಿತು. ಯುದ್ಧದಲ್ಲಿ ಫ್ರಾನ್ಸಿಗಾಗಿ ಸಾವಿರಾರು ಮುಸ್ಲಿಂ ಸಿಪಾಯಿಗಳು ಸತ್ತಿದ್ದರು. ಆ ಋಣಕ್ಕೆ ಈ ಮಸೀದಿ.

ಮೊದಲ ಮುಖ್ಯಸ್ಥ ಸಿ ಕದ್ದೂರ್ ಬೆನ್‌ಗಾಬ್ರಿತ್. ನಾಜಿಗಳ ಕಾಲದಲ್ಲಿ ಇಲ್ಲಿ ಯಹೂದಿಗಳಿಗೆ ಆಸರೆ ಸಿಕ್ಕಿತ್ತು ಎನ್ನುತ್ತಾರೆ. ಎಷ್ಟು ಜನಕ್ಕೆ ಅನ್ನುವುದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತ ಇಲ್ಲ. ಆದರೆ ಸಲೀಮ್ ಹಲಾಲಿ ಎಂಬ ಯಹೂದಿ ಗಾಯಕನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅವನು ಮುಸ್ಲಿಂ ಎಂದು ಕಾಗದ ಮಾಡಿಕೊಟ್ಟರಂತೆ. ಅನುಮಾನ ಬಾರದಿರಲೆಂದು ಬೊಬಿನ್ಯಿ ಖಬರಸ್ಥಾನದ ಒಂದು ಗೋರಿಯ ಮೇಲೆ ಅವನ ತಂದೆಯ ಕಡೆಯವರ ಹೆಸರನ್ನೂ ಕೆತ್ತಿಸಿದರಂತೆ. ಒಂದು ಹೆಸರಿನ ಕಲ್ಲು ಒಬ್ಬನ ಜೀವ ಉಳಿಸಿತು.

ಹೆಂಗಸರ ಕಡೆ ನಮಾಜ್ ಮುಗಿಸಿದಾಗ ಪಕ್ಕದಲ್ಲಿದ್ದವರು ಸ್ಕಾರ್ಫ್ ತೆಗೆದು ಮಡಿಸುತ್ತಿದ್ದರು. ಟ್ಯುನೀಷಿಯಾ ಮೂಲದವರು, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಸರ್ಕಾರಿ ಕೆಲಸದಲ್ಲಿರುವವರು ಕೆಲಸದ ವೇಳೆ ಯಾವ ಧರ್ಮದ ಗುರುತನ್ನೂ ಹಾಕುವ ಹಾಗಿಲ್ಲ. ನನ್ನ ಹರಕುಮುರುಕು ಇಂಗ್ಲಿಷಿಗೆ ಅವರು ಅಷ್ಟೇ ಹರಕುಮುರುಕಾಗಿ ಉತ್ತರಿಸಿದರು. ‘ರೋಗಿಗಳು ನನ್ನ ಹೆಸರು ಕೇಳುತ್ತಾರೆ. ಹೇಳಿದ ಮೇಲೆ ಎಲ್ಲಿಯವಳು ಅಂತ ಕೇಳುತ್ತಾರೆ. ಲಿಯೋನ್ ಅಂತೀನಿ. ಇಲ್ಲ, ನಿಜವಾಗಿ ಎಲ್ಲಿಯವಳು ಅಂತಾರೆ. ಸ್ಕಾರ್ಫ್ ತೆಗೆದರೂ ಆ ಪ್ರಶ್ನೆ ಹೋಗಲ್ಲ.’ ಆಮೇಲೆ ಮಸೀದಿಯ ಚಹಾ ಅಂಗಳಕ್ಕೆ ಕರೆದುಕೊಂಡು ಹೋಗಿ ಪುದೀನ ಚಹಾ ಕುಡಿಸಿದರು. ಮರದಿಂದ ಇಳಿದ ಗುಬ್ಬಿಗಳು ತಟ್ಟೆಯಿಂದಲೇ ಸಿಹಿ ಹೆಕ್ಕುತ್ತಿದ್ದವು. ಸುತ್ತ ಕೂತವರಲ್ಲಿ ಮುಸ್ಲಿಮರಲ್ಲದವರೇ ಜಾಸ್ತಿ ಕಂಡರು.

ಮಂಗಳವಾರ

ಇವತ್ತಿನದು ನನ್ನ ಹಟದ ಪ್ರವಾಸ. ಶಾಲೆಗೆ ರಜೆ ಇದ್ದ ಹುಡುಗಿಯನ್ನು ಕರೆದುಕೊಂಡು ಪ್ಯಾರಿಸ್‌ನ ಪಶ್ಚಿಮಕ್ಕಿರುವ ಸ್ಯುರೆನ್‌ಗೆ ಹೋದೆ. ರೈಲಿಳಿದ ಮೇಲೆ ಏರುದಾರಿ. ಬಿದ್ದ ಎಲೆ ಮಳೆಗೆ ಜಾರುತ್ತಿತ್ತು. ಎರಡು ಸಲ ತಪ್ಪು ತಿರುವು ತೆಗೆದುಕೊಂಡೆವು. ಕೊನೆಗೆ ಸಿಕ್ಕಿತು, ‘ಫಜಲ್ ಮಂಜಿಲ್’.

ಸೂಫಿ ಸಂಗೀತಗಾರ ಇನಾಯತ್ ಖಾನರ ಮನೆ. ಅವರ ಮಗಳು ನೂರ್ ಇಲ್ಲೇ ಬೆಳೆದಳು. ತಾವು ಟಿಪ್ಪುವಿನ ವಂಶದವರು ಎಂದು ಆ ಮನೆತನ ಹೇಳುತ್ತಾ ಬಂದಿದೆ. ವೀಣೆ ನುಡಿಸುತ್ತಿದ್ದಳು, ಮಕ್ಕಳಿಗೆ ಕಥೆ ಬರೆಯುತ್ತಿದ್ದಳು. 1943ರ ಜೂನ್‌ನಲ್ಲಿ ಬ್ರಿಟಿಷರ ಗುಪ್ತ ವೈರ್‌ಲೆಸ್ ಆಪರೇಟರ್ ಆಗಿ, ಮದಲೇನ್ ಎಂಬ ಗುಟ್ಟಿನ ಹೆಸರಿನಲ್ಲಿ, ನಾಜಿಗಳ ಕೈಯಲ್ಲಿದ್ದ ಫ್ರಾನ್ಸಿಗೆ ಬಂದಳು. ಜೊತೆಯವರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರೂ ಪ್ಯಾರಿಸ್ ಬಿಡಲಿಲ್ಲ. ಅಕ್ಟೋಬರ್‌ನಲ್ಲಿ ಹಿಡಿದುಕೊಟ್ಟರು. 1944ರ ಸೆಪ್ಟೆಂಬರ್ 13ರಂದು ನಾಜಿಗಳ ದಾಖೌ ಸೆರೆ ಶಿಬಿರದಲ್ಲಿ ಗುಂಡಿಟ್ಟು ಕೊಂದರು. ಮೂವತ್ತು ವರ್ಷ.

ನಾನು ದಿನಾ ಗುಂಬಜ್ ನೋಡಿಕೊಂಡು ಬೆಳೆದವಳು. ಹೈದರ್, ಫಕ್ರುನ್ನಿಸಾ, ಟಿಪ್ಪು, ಮೂವರೂ ಅಕ್ಕಪಕ್ಕ ಮಲಗಿದ್ದಾರೆ. ಸುತ್ತ ಅಂಗಳದಲ್ಲೂ ಬಂಧುಬಳಗದ ಗೋರಿಗಳು. ಈ ಹುಡುಗಿಗೆ ಮಾತ್ರ ಒಂದು ಹಿಡಿ ಮಣ್ಣೂ ಸಿಗಲಿಲ್ಲ. ದೇಹವನ್ನು ಶಿಬಿರದ ಕುಲುಮೆಯಲ್ಲೇ ಸುಟ್ಟರು. ಗೋಡೆಯಲ್ಲಿ ಅವಳ ನೆನಪಿನ ಫಲಕ ಇದೆ. ಹುಡುಗಿ ಅದನ್ನು ಜೋರಾಗಿ ಓದಿದಳು. ‘ಇವರು ನಮ್ಮವರಾ?’ ಎಂದು ಕೇಳಿದಳು. ‘ನಮ್ಮ ಊರಿನ ಕಡೆಯವರು’ ಅಂದೆ. ‘ಅಲ್ಲ ನಾನಿ, ಮುಸ್ಲಿಮರಾ ಅಂತ.’ ಹೌದು ಅಂದೆ. ಅವಳು ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಂಡಳು. ತಕ್ಷಣ ಗೆಳತಿಯರಿಗೆ ಕಳಿಸಿದಳು. ಮನೆ ಖಾಸಗಿ, ಒಳಗೆ ಬಿಡುತ್ತಾರೆಂದು ಹೋಗಬೇಡಿ. ರಸ್ತೆಯಲ್ಲೇ ನಿಂತು ಒಂದು ಫಾತಿಹಾ ಓದಿದೆ.

ಬುಧವಾರ

ಅಳಿಯ ರಜೆ ಹಾಕಿದ್ದ. ಬೀಗರು, ನಾನು, ಅವನು ಕಾರಿನಲ್ಲಿ ಉತ್ತರಕ್ಕೆ ಹೊರಟೆವು. ಹೆದ್ದಾರಿಯ ಎರಡೂ ಕಡೆ ಬಟ್ಟಬಯಲು. ಗಾಳಿ ಗಿರಣಿಗಳು ಮೋಡದೊಳಗೆ ತಿರುಗುತ್ತಿದ್ದವು. ಹೊಲದ ಬದುವಿನಲ್ಲಿ ಆಳೆತ್ತರದ ರಾಶಿಗಳು. ಸಕ್ಕರೆ ಬೀಟ್‌ರೂಟಂತೆ. ಲಾರಿಗಳು ಕಾರ್ಖಾನೆಗೆ ಹೊತ್ತೊಯ್ಯುತ್ತಿದ್ದವು, ರಸ್ತೆಯ ತುಂಬ ಕೆಸರು. ಕಬ್ಬಿನ ಕಾಲದಲ್ಲಿ ಮಂಡ್ಯ ರಸ್ತೆ ಹೇಗಿರುತ್ತದೋ ಹಾಗೇ.

ನೋತ್ರ್-ದಾಮ್-ದ-ಲೊರೆತ್ ಒಂದು ಗುಡ್ಡ. ಮೇಲೆ ಫ್ರಾನ್ಸಿನ ಅತಿ ದೊಡ್ಡ ಸೈನಿಕ ಸ್ಮಶಾನ. 40,000ಕ್ಕೂ ಹೆಚ್ಚು ಜನ ಇಲ್ಲಿದ್ದಾರೆ. ಬಿಳಿ ಶಿಲುಬೆಗಳ ಸಾಲು ಮಂಜಿನಲ್ಲಿ ಕೊನೆಯೇ ಕಾಣದ ಹಾಗೆ ಹೋಗುತ್ತದೆ. ಒಂದು ಕಡೆ ಸಾಲು ಇದ್ದಕ್ಕಿದ್ದಂತೆ ದಿಕ್ಕು ಬದಲಿಸುತ್ತದೆ. ಶಿಲುಬೆಯ ಬದಲು ಕಮಾನಿನಾಕಾರದ ಕಲ್ಲುಗಳು, ಮಕ್ಕಾದ ಕಡೆಗೆ. ಅಲ್ಜೀರಿಯಾ, ಮೊರಾಕ್ಕೊ, ಟ್ಯುನೀಷಿಯಾದ ಸಿಪಾಯಿಗಳು. ಹೆಸರಿನ ಕೆಳಗೆ ಎಲ್ಲರಿಗೂ ಒಂದೇ ಮಾತು, ‘ಫ್ರಾನ್ಸಿಗಾಗಿ ಸತ್ತವರು’.

ಗಾಳಿ ಎಷ್ಟಿತ್ತೆಂದರೆ ನನ್ನ ಕೊಡೆ ಮುರಿಯಿತು. ಅಲ್ಲಿ ಕಾವಲು ಸೇವೆಗೆ ಬರುವ ಸ್ವಯಂಸೇವಕರಿದ್ದಾರೆ. ತಲೆಗೆ ಟೊಪ್ಪಿ ಹಾಕಿದ ಒಬ್ಬ ಮುದುಕರು ಓಡಿಬಂದು ತಮ್ಮ ಕೊಡೆ ಹಿಡಿದರು. ಅಳಿಯ ಅವರ ಮಾತನ್ನು ನಮಗೆ ಹೇಳಿದ. 2007ರಲ್ಲಿ, ಮತ್ತೆ 2008ರಲ್ಲಿ ಎರಡು ಸಲ, ಈ ಮುಸ್ಲಿಂ ಗೋರಿಗಳ ಮೇಲೆ ಹೊಲಸು ಬರೆದು ಹಾಳು ಮಾಡಿದ್ದರು. 2008ರ ಏಪ್ರಿಲ್‌ನಲ್ಲಿ 148 ಗೋರಿ, ಡಿಸೆಂಬರ್‌ನಲ್ಲಿ ಸುಮಾರು 500. ‘ನನ್ನ ತಾತ ಇಲ್ಲೇ ಹೋರಾಡಿದ್ದು. ಇವರ ಜೊತೆ ಹೋರಾಡಿದ್ದು’ ಎಂದು ಆ ಮುದುಕರು ಕಲ್ಲೊಂದರ ಮೇಲೆ ಅಂಗೈ ಇಟ್ಟರು. ಬೀಗರು ನೆಟ್ಟಗೆ ನಿಂತು ಸೆಲ್ಯೂಟ್ ಮಾಡಿದರು. ಆ ಮುದುಕರೂ ಮಾಡಿದರು. ಇಬ್ಬರೂ ಮಳೆಯಲ್ಲಿ ನೆನೆಯುತ್ತಿದ್ದರು. ಇಡೀ ಪ್ರವಾಸದಲ್ಲಿ ನನ್ನ ಕಣ್ಣಲ್ಲಿ ನೀರು ಬಂದದ್ದು ಆ ಗಳಿಗೆಯಲ್ಲಿ.

ಎದುರಿಗೇ ‘ನೆನಪಿನ ಉಂಗುರ’ ಇದೆ. 2014ರಲ್ಲಿ ಕಟ್ಟಿದ್ದು. 500 ಲೋಹದ ಹಲಗೆಗಳು, 579,606 ಹೆಸರುಗಳು. ಮೊದಲ ಮಹಾಯುದ್ಧದಲ್ಲಿ ಈ ಸೀಮೆಯಲ್ಲಿ ಸತ್ತ ಎಲ್ಲ ದೇಶದವರು. ಹುದ್ದೆ ಇಲ್ಲ, ದೇಶ ಇಲ್ಲ, ಧರ್ಮ ಇಲ್ಲ. ಬರೀ ಅಕ್ಷರಮಾಲೆಯ ಪ್ರಕಾರ. ಕೆ ಅಕ್ಷರದ ಹಲಗೆ ಹುಡುಕಿದೆ. ಜರ್ಮನಿಯ ಕೆಲ್ಲರ್‌ಗಳು, ಐರ್ಲೆಂಡಿನ ಕೆಲ್ಲಿಗಳು, ಆಮೇಲೆ ಖಾನ್, ಖಾನ್, ಖಾನ್. ಮೂವತ್ತು ವರ್ಷ ಹಾಜರಿ ಕರೆದವಳು ನಾನು. ಆ ಹೆಸರುಗಳನ್ನು ಒಂದೊಂದಾಗಿ ಬಾಯಿಬಿಟ್ಟು ಓದಿದೆ.

ಊಟದ ಹೊತ್ತಿಗೆ ರಸ್ತೆ ಬದಿಯ ಗಾಡಿಯೊಂದರಲ್ಲಿ ಆಲೂ ಫ್ರೈ ಕೇಳಿದೆವು. ಅಂಗಡಿಯಾಕೆ ನನ್ನ ತಲೆಯ ಮೇಲಿನ ಸೆರಗು ನೋಡಿ ತಾವಾಗಿಯೇ ಹೇಳಿದರು, ‘ಅಮ್ಮಾ, ಇದನ್ನು ದನದ ಕೊಬ್ಬಿನಲ್ಲಿ ಕರಿಯೋದು. ನಿಮ್ಮ ಹಲಾಲ್ ಅಲ್ಲ.’ ಈ ಕಡೆ ಅದೇ ಹಳೆಯ ಪದ್ಧತಿ, ಸಸ್ಯಾಹಾರಿಗಳೂ ಕೇಳಿ ತಿನ್ನಬೇಕು. ಬಂದ ವ್ಯಾಪಾರ ಬಿಟ್ಟು, ಟರ್ಕಿಯವರ ಅಂಗಡಿಗೆ ದಾರಿ ಬರೆದುಕೊಟ್ಟರು. ಆ ಚೀಟಿ ನನ್ನ ಡೈರಿಯಲ್ಲಿ ಇನ್ನೂ ಇದೆ.

ಸಂಜೆಗೆ ನವ್-ಶಾಪೆಲ್. ಊರಾಚೆ ರಸ್ತೆ ಕೂಡುವ ಜಾಗದಲ್ಲಿ ಭಾರತೀಯ ಸೈನಿಕರ ಸ್ಮಾರಕ, 1927ರದ್ದು. ತಾವರೆ ತಲೆಯ ಎತ್ತರದ ಕಂಬ, ಬುಡದಲ್ಲಿ ಎರಡು ಹುಲಿ. 1915ರ ಮಾರ್ಚ್ 10ರಿಂದ 13ರವರೆಗೆ ಇಲ್ಲಿ ಕಾಳಗ ನಡೆಯಿತು. ಗೋರಿಯೇ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಗೋಡೆಯ ಮೇಲಿದೆ. ಖಾನ್, ಸಿಂಗ್, ಗುರುಂಗ್, ರಾಮ್. ಅವರಲ್ಲಿ ಎಷ್ಟೋ ಜನ ಈ ಸೀಮೆಯ ಹೊಲಗಳಲ್ಲೇ ಎಲ್ಲೋ ಇದ್ದಾರೆ. ಐದೂವರೆಗೇ ಕತ್ತಲು. ಬೀಗರು ಬಗ್ಗಿ ಹೊಲದ ಮಣ್ಣು ಸ್ವಲ್ಪ ಕೈಗೆ ತೆಗೆದುಕೊಂಡರು. ಜಿಗುಟು ಮಣ್ಣು. ‘ಇವರನ್ನು ಯಾರೂ ಕೇಳಲಿಲ್ಲ, ಎಲ್ಲಿ ಬೇಕು ಅಂತ’ ಅಂದರು.

ಗುರುವಾರ

ಜ್ವರ ಬಂದ ಹಾಗಾಗಿತ್ತು. ಮೈಸೂರಿನಿಂದ ತಂದ ಪುಡಿಯಲ್ಲಿ ಮೆಣಸಿನ ಸಾರು ಮಾಡಿಸಿಕೊಂಡು ಕುಡಿದು ಮಲಗಿದೆ. ಬಾಲ್ಕನಿಯಲ್ಲಿ ಸೇವಂತಿಗೆ ಇನ್ನೆರಡು ಮೊಗ್ಗು ಬಿಚ್ಚಿತ್ತು.

ಶುಕ್ರವಾರ

ನವೆಂಬರ್ 1. ಕಾರೈಕಾಲ್‌ನಲ್ಲಿ ಫ್ರೆಂಚ್ ಬಾವುಟ ಇಳಿದು ಇವತ್ತಿಗೆ 70 ವರ್ಷ ಎಂದು ಬೀಗರು ಟೀ ಕುಡಿಯುವಾಗ ಹೇಳಿದರು. ಹತ್ತು ವರ್ಷದ ಹುಡುಗನಾಗಿ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದರಂತೆ.

ರಜೆ ದಿನ, ಅಂಗಡಿಗಳು ಮುಚ್ಚಿದ್ದವು. ಮನೆಮಂದಿಯೆಲ್ಲ ಟ್ರಾಮ್ ಹತ್ತಿದೆವು. ಕುಂಡ ನನ್ನ ಮಡಿಲಲ್ಲಿ. ಎದುರು ಸೀಟಿನಲ್ಲೂ ಸೇವಂತಿಗೆ, ಬಾಗಿಲ ಹತ್ತಿರವೂ ಸೇವಂತಿಗೆ. ಆ ದಿನ ಯಾರೂ ನಮ್ಮನ್ನು ವಿಚಿತ್ರವಾಗಿ ನೋಡಲಿಲ್ಲ. ಅವಿಸೆನ್ ಆಸ್ಪತ್ರೆ ನಿಲ್ದಾಣದಲ್ಲಿ ಇಳಿದೆವು. 1935ರಲ್ಲಿ ಉತ್ತರ ಆಫ್ರಿಕಾದ ಕೂಲಿಕಾರರಿಗಾಗಿ ಕಟ್ಟಿದ ಆಸ್ಪತ್ರೆ ಅದು. ಹೆಬ್ಬಾಗಿಲು ಮೊರಾಕ್ಕೊದ ಕೋಟೆಯಂತಿದೆ. ಅಲ್ಲಿ ಸತ್ತವರನ್ನು ಹೂಳಲೆಂದೇ 1937ರಲ್ಲಿ ಬೊಬಿನ್ಯಿಯ ಖಬರಸ್ಥಾನ ಶುರುವಾಯಿತು. ಅಂಥದ್ದು ಈ ದೇಶದಲ್ಲಿ ಅಪರೂಪ. 1881ರ ಕಾನೂನಿನಿಂದ ಊರಿನ ಸ್ಮಶಾನಗಳಲ್ಲಿ ಧರ್ಮಕ್ಕೊಂದು ಭಾಗ ಅನ್ನುವುದು ಹೋಯಿತು. ಮೇಯರ್ ಒಪ್ಪಿದರೆ ಮಾತ್ರ ಒಂದು ಮೂಲೆಯಲ್ಲಿ ಮುಸ್ಲಿಮರಿಗೆ ಸಾಲು ಸಿಗುತ್ತದೆ. ಎಷ್ಟೋ ಊರುಗಳಲ್ಲಿ ಇಲ್ಲ. ಇದ್ದರೂ 15 ವರ್ಷಕ್ಕೋ 30 ವರ್ಷಕ್ಕೋ ಜಾಗ ಕೊಳ್ಳಬೇಕು. ಅವಧಿ ಮುಗಿದು ಯಾರೂ ದುಡ್ಡು ಕಟ್ಟದಿದ್ದರೆ ಮೂಳೆ ತೆಗೆಯುತ್ತಾರೆ. ಪೆಟ್ಟಿಗೆ ಇಲ್ಲದೆ ಹೂಳುವಂತಿಲ್ಲ. ನಾವು ಬರೀ ಕಫನ್ ಬಟ್ಟೆಯಲ್ಲಿ ಸುತ್ತಿ ಮಣ್ಣಿಗೆ ಇಡುವವರು. ಇದೆಲ್ಲ ಕೇಳುವಾಗ ಎದೆ ಭಾರವಾಯಿತು. ಹಿರಿಯರು ವರ್ಷ ವರ್ಷ ವಂತಿಗೆ ಕಟ್ಟಿ, ದೇಹವನ್ನು ಹುಟ್ಟೂರಿಗೆ ಕಳಿಸುವ ವ್ಯವಸ್ಥೆ ಮಾಡಿಕೊಳ್ಳುವುದು ಅದಕ್ಕೇ.

ಒಳಗೆ ಒತ್ತೊತ್ತಾಗಿ ಗೋರಿಗಳು. ಹಳೆಯವುಗಳ ಮೇಲೆ ಅರಬಿ, ಹೊಸವುಗಳ ಮೇಲೆ ಫ್ರೆಂಚ್. 2015ರ ಜನವರಿ 7ರಂದು ಶಾರ್ಲಿ ಎಬ್ದೊ ಪತ್ರಿಕೆಯ ಮೇಲೆ ದಾಳಿ ಮಾಡಿದವರು ಬೀದಿಯಲ್ಲಿ ಕೊಂದ ಪೊಲೀಸ್ ಅಹ್ಮದ್ ಮೆರಾಬೆ ಕೂಡ ಇದೇ ಮಣ್ಣಿನಲ್ಲಿದ್ದಾರೆ. ಅಲ್ಜೀರಿಯಾ ಮೂಲದ ಮುಸ್ಲಿಂ ಮನೆಯ ಮಗ. ‘ಅವತ್ತಿನಿಂದ ಎಷ್ಟೋ ದಿನ ಆಫೀಸಿನಲ್ಲಿ ಎಲ್ಲರೂ ನನ್ನ ಅಭಿಪ್ರಾಯ ಕೇಳೋರು’ ಎಂದು ಅಳಿಯ ಹೇಳಿದ. ‘ನಾನೂ ಅವರಷ್ಟೇ ಹೆದರಿದ್ದೆ. ಅದನ್ನು ಮಾತ್ರ ಯಾರೂ ಕೇಳಲಿಲ್ಲ.’

ಬೀಗರ ಹೆಂಡತಿಯ ಗೋರಿ ಗೋಡೆಯ ಹತ್ತಿರ ಇದೆ. ಹುಡುಗಿ ಎಲೆ ಗುಡಿಸಿದಳು. ನಾನು ಕುಂಡ ಇಟ್ಟೆ. ದಸರಾ ಹೂವನ್ನು ಗೋರಿಗೆ ಇಡುತ್ತಿದ್ದೇನಲ್ಲಾ ಎಂದು ಕೈ ಒಂದು ಕ್ಷಣ ತಡೆಯಿತು. ಆಮೇಲೆ ಇಟ್ಟೆ. ಎಲ್ಲರೂ ದುವಾ ಮಾಡಿದೆವು. ಅಳಿಯ ಅಪ್ಪನ ಕಡೆ ನೋಡದೆಯೇ ಹೇಳಿದ, ‘ಇಲ್ಲಿ ನಮ್ಮ ಕೈಬರಹದಲ್ಲಿ ಬರೆದು ಸಹಿ ಹಾಕಿಟ್ಟರೆ ಸಾಕು. ಎಲ್ಲಿ ಮಣ್ಣಾಗಬೇಕು ಅನ್ನೋದನ್ನ ಹಾಗೇ ನಡೆಸಬೇಕು ಅಂತ ಕಾನೂನಿದೆ. ನೀವು ಹೇಗೆ ಬರೆದರೆ ಹಾಗೆ ಮಾಡ್ತೀನಿ.’ ಬೀಗರು ಉತ್ತರ ಕೊಡಲಿಲ್ಲ. ಹುಡುಗಿ ಕೈ ತೊಳೆದುಕೊಂಡು ಬಂದು, ‘ನಾನಂತೂ ಇಲ್ಲೇ, ದಾದಿ ಪಕ್ಕ’ ಅಂದಳು. ಅವಳಮ್ಮ ‘ಥೂ, ಎಂಥಾ ಮಾತು’ ಎಂದು ಬೆನ್ನಿಗೊಂದು ಕೊಟ್ಟಳು. ಹುಡುಗಿಗೆ ಅದರಲ್ಲಿ ತಪ್ಪೇನು ಅನ್ನುವುದೇ ತಿಳಿಯಲಿಲ್ಲ.

ಸೋಮವಾರ, ಹೊರಡುವ ದಿನ

ಶನಿವಾರ, ಭಾನುವಾರ ಬಟ್ಟೆಬರೆ, ಪೆಟ್ಟಿಗೆ ತೂಕ ಅಂತ ಕಳೆಯಿತು. ಸೋಮವಾರ ರಜೆ ಮುಗಿದು ಶಾಲೆ ಶುರು. ನನ್ನ ವಿಮಾನ ರಾತ್ರಿಗೆ. ಹುಡುಗಿಯನ್ನು ಬಿಡಲು ಬೀಗರ ಜೊತೆ ನಾನೂ ಹೋದೆ.

ಅವಳು ಕಳೆದ ವರ್ಷದಿಂದ ಸ್ಕಾರ್ಫ್ ಹಾಕುತ್ತಾಳೆ. ಅವಳಮ್ಮ ಹಾಕುವುದಿಲ್ಲ. ಇಬ್ಬರಿಗೂ ಅದರ ಬಗ್ಗೆ ಜಗಳ ಆಗಿದೆಯಂತೆ. ಶಾಲೆಯ ಗೇಟು ಇನ್ನೂ ಸ್ವಲ್ಪ ದೂರ ಇರುವಾಗ ಗೋಡೆಯ ಪಕ್ಕ ನಿಂತಳು. ಅಲ್ಲಿ ಇನ್ನೂ ನಾಲ್ಕೈದು ಹುಡುಗಿಯರು ನಿಂತಿದ್ದರು. ಪಿನ್ನು ತೆಗೆದಳು, ಸ್ಕಾರ್ಫ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಬ್ಯಾಗಿನ ಜೇಬಿಗೆ ಹಾಕಿದಳು. ‘ಹತ್ತು ಸೆಕೆಂಡು ಸಾಕು ನಾನಿ. ಆದರೆ ಬೀದಿಯಲ್ಲಿ ಎಲ್ಲರೂ ನೋಡ್ತಿರ್ತಾರಲ್ಲ, ಅದು ಕಷ್ಟ’ ಅಂದಳು.

ನನಗೆ 2022ರ ಫೆಬ್ರವರಿ ನೆನಪಾಯಿತು. ಆಗ ನಾನು ಇನ್ನೂ ಕೆಲಸದಲ್ಲಿದ್ದೆ. ನಮ್ಮ ಶಾಲೆ ಗೇಟಿನಲ್ಲಿ ನನ್ನ ವಿದ್ಯಾರ್ಥಿನಿಯರು ಹೀಗೇ ಪಿನ್ನು ತೆಗೆದಿದ್ದರು. ಸುತ್ತ ಕ್ಯಾಮೆರಾಗಳಿದ್ದವು. ಒಬ್ಬಳು ಅಳುತ್ತಾ ಮನೆಗೆ ಹೋದವಳು ಪರೀಕ್ಷೆಗೂ ಬರಲಿಲ್ಲ. ಒಳ್ಳೆಯ ಅಕ್ಷರ ಅವಳದು. ಹಿಜಾಬ್ ಬಗ್ಗೆ ನಮ್ಮ ಹೈಕೋರ್ಟ್ ತೀರ್ಪು ಬಂದದ್ದು 2022ರ ಮಾರ್ಚ್ 15. ಸರ್ಕಾರಿ ಶಾಲೆಯಲ್ಲಿ ಎದ್ದು ಕಾಣುವ ಧರ್ಮದ ಗುರುತು ಹಾಕಬಾರದು ಅನ್ನುವ ಫ್ರಾನ್ಸಿನ ಕಾನೂನು 2004ರ ಮಾರ್ಚ್ 15ರದ್ದು. ಇಲ್ಲಿ ಅದು ದೊಡ್ಡ ಶಿಲುಬೆಗೂ, ಯಹೂದಿ ಟೊಪ್ಪಿಗೂ, ಸಿಖ್ಖರ ಪೇಟಕ್ಕೂ ಅನ್ವಯ. ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ. ನಮ್ಮಲ್ಲಿ ಪರೀಕ್ಷೆ ಹತ್ತಿರ ಬಂದಾಗ ಬಂತು. ಆ ವ್ಯತ್ಯಾಸವನ್ನು ಒಪ್ಪುತ್ತೇನೆ. ಆದರೂ ಎರಡನ್ನೂ ನನ್ನ ಮನಸ್ಸು ಒಪ್ಪುವುದಿಲ್ಲ. ಸ್ಕಾರ್ಫ್ ಹಾಕು ಅಂತಲೂ ನಾನು ಯಾವ ಹುಡುಗಿಗೂ ಹೇಳಿದವಳಲ್ಲ, ಬಿಚ್ಚು ಅಂತಲೂ ಹೇಳಿದವಳಲ್ಲ. ಮಗು ಓದಲು ಬಂದಿದೆ, ಅಷ್ಟು ಸಾಲದಾ?

ಹುಡುಗಿ ಗೇಟಿನೊಳಗೆ ಹೋಗಿ ತಿರುಗಿ ಕೈಬೀಸಿದಳು. ಗೆಳತಿಯೊಬ್ಬಳು ಫೋನ್ ತೋರಿಸುತ್ತಾ ಅವಳ ಹೆಗಲಿಗೆ ಕೈ ಹಾಕಿದಳು. ದೂರದಿಂದ ನನಗೆ ನೂರ್ ಮನೆಯ ಫೋಟೊ ಅನ್ನಿಸಿತು. ಇರಲಿಕ್ಕೂ ಸಾಕು.

ವಾಪಸ್ ಬರುವಾಗ ಬೀಗರು ಒಂದು ಪುಸ್ತಕದಂಗಡಿ ಮುಂದೆ ನಿಂತರು. ಒಳಗೆ ಹೋಗಿ ಗೆರೆ ಇಲ್ಲದ ಬಿಳಿ ಹಾಳೆಯ ಪುಸ್ತಕ ಒಂದು ತೆಗೆದುಕೊಂಡು ಬಂದರು. ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಒಂದು ಟ್ರಾಮ್ ಹೋಯಿತು. ಇನ್ನೊಂದೂ ಹೋಯಿತು.

‘ಟೀಚರಮ್ಮ, ಪೆನ್ ಇದ್ಯಾ?’ ಎಂದು ಕೇಳಿದರು.

ಕೊಟ್ಟೆ. ಬರೆಯಲಿಲ್ಲ. ಕೋಟಿನ ಜೇಬಿಗೆ ಸಿಕ್ಕಿಸಿಕೊಂಡರು. ಆ ಪೆನ್ನು ಅವರ ಹತ್ತಿರವೇ ಇದೆ.